ಎಡಗಡೆಯ ಬೋರ್ಡು

ಮೊನ್ನೆ ಹಲ್ಲಿನ ಡಾಕ್ಟರು ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ನನ್ನ ದವಡೆಗೆ ಇಟ್ಟಾಗ ಎದುರುಮನೆ ಅಂಕಲ್ ನೆನಪಾದರು. ಚಿಕ್ಕಬಾಣಾವರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಿಂದ ಅವರು ಇಳಿದು ಹೋದ ಮೇಲೂ ಲವಂಗದ ವಾಸನೆ ಉಳಿದಿರುತ್ತಿತ್ತು. ಇಷ್ಟು ಲವಂಗ ಅಗಿಯುವ ಗಂಡಸು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ನಾನು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದೆ.

ಪೀಣ್ಯದಲ್ಲಿ ಅವರದೊಂದು ಲೇತ್ ವರ್ಕ್‌ಶಾಪ್ ಇತ್ತು. ಹೆಂಡತಿ ತೀರಿಕೊಂಡ ಮೇಲೆ ಅದನ್ನು ಮಾರಿ, ಆ ವಯಸ್ಸಿನಲ್ಲಿ ವಿಮಾನ ಹಾರಿಸುವುದನ್ನು ಕಲಿತು ಲೈಸೆನ್ಸ್ ಪಡೆದಿದ್ದರು. ಗೆಳೆಯರೊಬ್ಬರ ಜೊತೆ ಪಾಲಿನಲ್ಲಿ ನಾಲ್ಕು ಸೀಟಿನ ಪುಟ್ಟ ವಿಮಾನವನ್ನೂ ಕೊಂಡಿದ್ದರು. ಭಾನುವಾರ ಬಂತೆಂದರೆ ನಮ್ಮನೆಯವರನ್ನು ಕರೆದುಕೊಂಡು ಹೊರಟುಬಿಡುತ್ತಿದ್ದರು. ಇಡೀ ಅಪಾರ್ಟ್‌ಮೆಂಟಿನಲ್ಲಿ ಇವರೇ ಯಾಕೆ ಬೇಕು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಹೇಳಿದರೆ ನಮ್ಮನೆಯವರು ಕೇಳಬೇಕಲ್ಲ! ಅಂಕಲ್ ತಮಗೆ ಕಲಿಸುತ್ತಿದ್ದಾರೆ ಎಂದು ಉಬ್ಬಿಹೋಗಿದ್ದರು. ಕಲಿಸುವುದೇನು ಅಂದರೆ, ವಿಮಾನ ನೆಲದ ಮೇಲೆ ಓಡುವಾಗ ದಾರಿಬದಿಯ ಬೋರ್ಡುಗಳನ್ನು ಜೋರಾಗಿ ಓದಿಸುವುದು. ಪೈಲಟ್ ಆಗುವವನಿಗೆ ಅದೇ ಮೊದಲ ಪಾಠವಂತೆ.

ಒಮ್ಮೆ ನಮ್ಮನೆಯವರ ಅಕ್ಕನ ಮಗಳ ಮದುವೆ ಅವರ ಊರಿನ ಕಡೆ ಇತ್ತು. ವಿಮಾನದಲ್ಲೇ ಬಿಡುತ್ತೇನೆ ಎಂದರು ಅಂಕಲ್. ರೇಷ್ಮೆ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತೆ. ಆಕಾಶದಲ್ಲಿ ಅವರು ಹಾರಿಸಿದ ಪರಿ ಮಾತ್ರ... ಹೊಟ್ಟೆಯ ನೀರೂ ಅಲುಗಲಿಲ್ಲ. ಇಳಿಸಿದ್ದೂ ಹೂವಿನ ಹಾಗೆ.

ಎಡವಟ್ಟಾಗಿದ್ದು ನೆಲ ಮುಟ್ಟಿದ ಮೇಲೆ. ಅವರಿಗೆ ಅದು ಹೊಸ ನಿಲ್ದಾಣ. ಟವರಿನಲ್ಲಿ ಕೂತು ದಾರಿ ಹೇಳುವ ಹೆಣ್ಣುಮಗಳು, ಎರಡನೇ ತಿರುವಿನಲ್ಲಿ ಎಡಕ್ಕೆ ಬಂದರೆ ಪಾರ್ಕಿಂಗ್ ಎಂದಿದ್ದು ನನ್ನ ಹೆಡ್‌ಫೋನಿನಲ್ಲೂ ಕೇಳಿಸಿತು. ಅಂಕಲ್ ಅದನ್ನೇ ತಿರುಗಿ ಹೇಳಿ ಒಪ್ಪಿದರು. ಎಡಕ್ಕೆ ಬಾಣದ ಗುರುತಿದ್ದ ಹಳದಿ ಬೋರ್ಡು ಹಿಂದೆ ಕೂತ ನನಗೇ ಕಾಣಿಸಿತು. ಅಂಕಲ್ ಅದನ್ನು ದಾಟಿ ಸೀದಾ ಹೋದರು. ನಮ್ಮನೆಯವರು ಬೋರ್ಡು ಓದುವುದನ್ನು ಬಿಟ್ಟು ನನ್ನತ್ತ ತಿರುಗಿ ವಿಡಿಯೋ ಮಾಡುತ್ತಿದ್ದರು. ಮುಂದೊಂದು ಸಣ್ಣ ವಿಮಾನ ಹೋಗುತ್ತಿತ್ತು. ಗೊರಗುಂಟೆಪಾಳ್ಯದ ಜಾಮಿನಲ್ಲಿ ಮುಂದಿನ ಲಾರಿಯ ಹಿಂದೆ ಹೋದ ಹಾಗೆ ಅಂಕಲ್ ಅದರ ಬಾಲ ಹಿಡಿದರು. ಅದೋ, ಮತ್ತೆ ಹಾರಲು ರನ್‌ವೇಗೆ ಹೊರಟಿತ್ತು.

ಅದು ಹಾರಿಹೋಯಿತು. ನಾವೂ ರನ್‌ವೇ ಅಂಚಿಗೆ ಬಂದಾಗ ಟವರಿನ ಹುಡುಗಿ ನಿಲ್ಲಿ ನಿಲ್ಲಿ ಎಂದು ಕೂಗಿದಳು. ಅಂಕಲ್ ಬ್ರೇಕ್ ಒತ್ತಿದರು. ನಮ್ಮ ಮೂಗಿನ ಮುಂದೆಯೇ ದೊಡ್ಡ ವಿಮಾನವೊಂದು ಇಳಿದು ಓಡಿತು... ನಮ್ಮ ಪುಟ್ಟ ವಿಮಾನ ಗಡಗಡ ನಡುಗಿತು.

ಬೋರ್ಡೇ ಸರಿಯಾಗಿ ಹಾಕಿಲ್ಲ ಎಂದರು ಅಂಕಲ್. ಹೊಸ ಜಾಗ, ಗೊತ್ತಾಗುತ್ತಿಲ್ಲ ಎಂದರೆ ಟವರಿನವರು ಒಂದೊಂದೇ ತಿರುವು ಹೇಳಿ ಕರೆದುಕೊಂಡು ಹೋಗುತ್ತಾರಂತೆ. ಕೇಳಲು ಏನಾಗಿತ್ತು ಎಂದು ನಾನು ಅಂದರೆ, ತಾನು ಹುಟ್ಟಿದಾಗಿನಿಂದ ಯಾರ ಹತ್ತಿರವೂ ದಾರಿ ಕೇಳಿದವನಲ್ಲ ಎಂದು ನಕ್ಕರು. ನಾನು ನಗಲಿಲ್ಲ. ಮದುವೆ ಮುಗಿಸಿ ರೈಲಿನಲ್ಲಿ ವಾಪಸು ಬಂದೆವು.

ಕುಡಿದಿದ್ದರು ಎಂದೇ ನನ್ನ ಅನುಮಾನ. ಆಮೇಲೆ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಪೊಲೀಸು ನಾಯಿಯ ಹಾಗೆ ಮೂಸಿದೆ. ಲವಂಗ ಬಿಟ್ಟರೆ ಏನೂ ಇಲ್ಲ. ಸಿಗರೇಟು ಬಿಟ್ಟಾಗಿನಿಂದ ಹಿಡಿದ ಚಟವಂತೆ. ಆದರೆ ಹಾಗೆ ಗಮನಿಸುವಾಗ ಬೇರೆ ಸಂಗತಿಗಳು ಕಂಡವು. ಅವರ ಕಾರಿನ ಎಡಗಡೆಯ ಕನ್ನಡಿ ಒಡೆದಿತ್ತು. ಎಡಭುಜ ಬಾಗಿಲಿಗೆ ತಾಗುತ್ತಿತ್ತು. ಎಡಗಡೆಯಿಂದ ಮಾತಾಡಿಸಿದರೆ ಬೆಚ್ಚುತ್ತಿದ್ದರು. ನಿನಗೆ ದೇವರ ಮೇಲೂ ಅನುಮಾನ ಎಂದು ನಮ್ಮನೆಯವರು ಬೈದರು.

ಅಷ್ಟರಲ್ಲಿ ಅಂಕಲ್ ಇನ್ನೊಂದು ಹೊಸ ನಿಲ್ದಾಣಕ್ಕೆ ಹೋಗುವ ಮಾತೆತ್ತಿದರು. ಈ ಸಲ ನನ್ನ ಮಗಳನ್ನೂ ಕರೆದುಕೊಂಡು. ಅವಳಾಗಲೇ ಬ್ಯಾಗು ತುಂಬಿಕೊಂಡು ಕುಣಿಯುತ್ತಿದ್ದಳು. ಹೊರಡಬೇಕಿದ್ದ ಬೆಳಿಗ್ಗೆ ಅಂಕಲ್ ಕಾಫಿಗೆ ಬಂದರು. ನಮ್ಮನೆಯವರು ಸ್ನಾನಕ್ಕೆ ಹೋಗಿದ್ದರು. ಬೇಕೆಂದೇ ಲೋಟವನ್ನು ಸದ್ದಿಲ್ಲದೆ ಅವರ ಎಡಗೈ ಪಕ್ಕದಲ್ಲಿಟ್ಟು ಎದುರು ಕೂತೆ. ಕಾಫಿಯ ಹಬೆ ಏಳುತ್ತಿತ್ತು. ಅವರು ಮಳೆ, ರಸ್ತೆ ಅಂತ ಏನೇನೋ ಮಾತಾಡಿ, ಕೊನೆಗೆ ಕೇಳಿದರು:

"ಕಾಫಿ ಇನ್ನೂ ಆಗಿಲ್ವಾ ಅಮ್ಮ?"

ಕಳ್ಳ ಸಿಕ್ಕಿಬಿದ್ದ ಎಂಬ ಖುಷಿ ಒಂದಿಷ್ಟೂ ಆಗಲಿಲ್ಲ.

"ಅಂಕಲ್, ನಿಮಗೆ ಎಡಗಡೆ ಕಾಣಿಸಲ್ಲ ಅಲ್ವಾ?"

ಅವರು ಕತ್ತು ಪೂರ್ತಿ ತಿರುಗಿಸಿ ಲೋಟ ನೋಡಿದರು. "ಕೆಳಗಡೆ ಮಾತ್ರ ತೊಂದ್ರೆ ಕಣಮ್ಮ. ಮೇಲೆ ಹೋದ್ರೆ ಬೋರ್ಡೇ ಇರಲ್ವಲ್ಲ... ಯಾರ್ಗೂ ಹೇಳ್ಬೇಡಿ," ಎಂದರು.

ನಮ್ಮನೆಯವರನ್ನು ಯಾಕೆ ಕರೆದೊಯ್ಯುತ್ತಿದ್ದರು ಎಂಬುದು ಆಗ ತಿಳಿಯಿತು. ಪಾಠವೂ ಇಲ್ಲ ಗೀಠವೂ ಇಲ್ಲ. ಇವರು ಅವರ ಎಡಗಣ್ಣಾಗಿದ್ದರು, ಅಷ್ಟೇ.

"ಹಾರಿಸೋದನ್ನ ನೀವಾಗೇ ಬಿಟ್ರೆ ನಾನು ಯಾರ್ಗೂ ಹೇಳಲ್ಲ," ಎಂದೆ.

ಅವರು ಕಾಫಿ ಮುಟ್ಟದೆ ಎದ್ದು ಹೋದರು. ಅವತ್ತಿನಿಂದಲೇ ಹಾರುವುದನ್ನು ಬಿಟ್ಟರು. ಸಾಕಾಯ್ತು, ಮಂಡಿನೋವು ಎಂದು ನಮ್ಮನೆಯವರಿಗೆ ಹೇಳಿದರಂತೆ. ಮಗಳು ಅತ್ತಳು. ಆಮೇಲೆ ನಾನಿದ್ದರೆ ಅಂಕಲ್ ಲಿಫ್ಟ್ ಹತ್ತುತ್ತಿರಲಿಲ್ಲ. ಮಂಡಿನೋವು ಎಂದ ಮನುಷ್ಯ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಹೋದ ವರ್ಷ ತೀರಿಕೊಂಡರು.

ನಾನು ಮಾಡಿದ್ದು ಸರಿ. ಇವತ್ತಾದರೂ ಅದನ್ನೇ ಮಾಡುತ್ತೇನೆ. ಆದರೂ ಅವರು ಒಂದು ಸಲ ಮತ್ತೆ ನಮ್ಮನೆಗೆ ಬಂದಿದ್ದರೆ... ಎಂದು ಅನ್ನಿಸುತ್ತದೆ. ಹಲ್ಲು ತೋರಿಸಿಕೊಂಡು ಬಂದ ಸಂಜೆ ಬಾಲ್ಕನಿಯಲ್ಲಿ ಕೂತಿದ್ದೆವು. ಮೇಲೊಂದು ವಿಮಾನ ಹೋಯಿತು. ನಮ್ಮನೆಯವರು ಅದು ಮರೆಯಾಗುವವರೆಗೆ ನೋಡಿದರು.

"ಅವರಿದ್ದಿದ್ರೆ ಇಷ್ಟೊತ್ತಿಗೆ ನನ್ನನ್ನೂ ಪೈಲಟ್ ಮಾಡಿರೋರು ಕಣೇ," ಎಂದರು.

ಹೂಂ, ಮಾಡಿರೋರು ಎಂದೆ.