ಯುಫ್ ಹೆನ್ನಿ ಮತ್ತು ಮೈಬಣ್ಣದ ಪೆನ್ಸಿಲು

ಯುಫ್ ಹೆನ್ನಿ ಆರಡಿ ಎತ್ತರದ ಹೆಂಗಸು. ಆದರೆ ಅವರು ನಿಂತುಕೊಂಡು ಮಾತಾಡಿದ್ದನ್ನು ನಾನು ನೋಡಿದ್ದೇ ಕಡಿಮೆ. ಐದು ವರ್ಷದ ಮಕ್ಕಳ ಪುಟಾಣಿ ಕುರ್ಚಿಯಲ್ಲಿ, ಮಂಡಿ ಗಲ್ಲಕ್ಕೆ ತಗಲುವ ಹಾಗೆ ಮಡಚಿಕೊಂಡು ಕೂತಿರುತ್ತಿದ್ದರು. ಮಾತಾಡಲು ಬಂದ ಅಪ್ಪ ಅಮ್ಮಂದಿರಿಗೂ ಅದೇ ಕುರ್ಚಿ. ಡಚ್ಚರ ನಾಡಿನ ವಾಗೆನಿಂಗನ್ ವಿಶ್ವವಿದ್ಯಾಲಯದ ಘನ ಪ್ರೊಫೆಸರುಗಳು ಅದರ ಮೇಲೆ ಹೇಗೋ ಕೂತು, ತಮ್ಮ ಮಗ ಪಕ್ಕದವನನ್ನು ಕಚ್ಚಿದ ವರದಿ ಕೇಳುವುದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

‘ಯುಫ್’ ಎಂದರೆ ಅಲ್ಲಿ ಮಕ್ಕಳು ಟೀಚರನ್ನು ಕರೆಯುವ ಮಾತು. ನನ್ನ ಗಂಡ ಬೀಜಗಳ ಸಂಶೋಧನೆಗೆಂದು ಮೈಸೂರಿನಿಂದ ಎರಡು ವರ್ಷಕ್ಕೆ ಅಲ್ಲಿಗೆ ಹೋಗಿದ್ದರು. ಅದು ತೊಂಬತ್ತೇಳನೇ ಇಸವಿ. ಮಗಳು ವಿದ್ಯಾ ಮೂರು ತಿಂಗಳಲ್ಲಿ ಡಚ್ ಕಲಿತಳು, ನಾನು ಮೂರು ವಾಕ್ಯ ಕಲಿತೆ. ಹೆನ್ನಿ ನನ್ನೊಡನೆ ಇಂಗ್ಲಿಷು ಡಚ್ಚು ಎರಡನ್ನೂ ಕಲಸಿ ನಿಧಾನವಾಗಿ ಮಾತಾಡುತ್ತಿದ್ದರು. ಎರಡು ಮಾತಿಗೊಮ್ಮೆ ‘ಖೆವೋನ್’ ಎನ್ನುವುದು ಅವರ ಅಭ್ಯಾಸ. ನಾನು ಅದನ್ನು ‘ಸುಮ್ಮನೆ’ ಎಂದು ಅರ್ಥ ಮಾಡಿಕೊಂಡಿದ್ದೆ. ಖೆವೋನ್ ಬನ್ನಿ, ಖೆವೋನ್ ಕೇಳಿ, ಖೆವೋನ್ ಹೇಳಿ. ಆದರೆ ನಮ್ಮ ‘ಸುಮ್ಮನೆ’ಗೆ ಬಾಯಿ ಮುಚ್ಚಿಕೊಂಡಿರುವ ಅರ್ಥವೂ ಇದೆ, ಅವರ ಮಾತಿಗೆ ಅದು ಇರಲಿಲ್ಲ.

ಒಂದು ದಿನ ವಿದ್ಯಾ ಶಾಲೆಯಿಂದ ಚಿತ್ರ ತಂದಳು. ಅಪ್ಪ, ಅಮ್ಮ, ತಾನು. ಮೂವರೂ ತಿಳಿಗುಲಾಬಿ ಬಣ್ಣ.

“ಇದ್ಯಾವ ಬಣ್ಣವೇ?” ಎಂದೆ.

“ಮೈಬಣ್ಣ ಅಮ್ಮ. ಪೆನ್ಸಿಲ್ ಹೆಸರೇ ಅದು. ಯುಫ್ ಕೊಟ್ರು.”

ನಮ್ಮ ಮನೆಯಲ್ಲಿ ಯಾರಿಗೂ ಆ ಬಣ್ಣವಿಲ್ಲ. ಆಗ ನನಗೇನಾದರೂ ಅನ್ನಿಸಿರಬೇಕಲ್ಲ? ಅನ್ನಿಸಿತು, ನಿಜ ಹೇಳುತ್ತೇನೆ: ಮೂವರೂ ಲಕ್ಷಣವಾಗಿ ಕಾಣುತ್ತಿದ್ದೇವೆ ಅನ್ನಿಸಿತು. ಚಿತ್ರವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದೆ.

ಮುಂದಿನ ಜೂನ್‌ನಲ್ಲಿ ಬಿಸಿಲು ಬಂತು. ಆ ದೇಶದಲ್ಲಿ ಬಿಸಿಲು ಬಂದರೆ ಜನ ಕೆಲಸ ಬಿಟ್ಟು ಹುಲ್ಲಿನ ಮೇಲೆ ಉರುಳುತ್ತಾರೆ. ನಾನು ಮಾತ್ರ ದಿನಾ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಮಗಳಿಗೆ ಹೇಳುತ್ತಿದ್ದೆ: “ಬಿಸಿಲಲ್ಲಿ ಆಡ್ಬೇಡ, ಕಪ್ಪಾಗ್ತೀಯ.” ಹೇಳುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನಮ್ಮ ನನಗೆ ಹೇಳಿದ್ದು, ನಾನು ಇವಳಿಗೆ ಹೇಳಿದ್ದು.

ವಾರ ಕಳೆಯುವಷ್ಟರಲ್ಲಿ ಹೆನ್ನಿಯವರು ನನ್ನನ್ನು ಕರೆಸಿದರು. ಅದೇ ಪುಟ್ಟ ಕುರ್ಚಿ. ಪೀಠಿಕೆ ಹಾಕುವ ಅಭ್ಯಾಸ ಅವರಿಗಿರಲಿಲ್ಲ. ವಿದ್ಯಾ ನಾಲ್ಕು ದಿನದಿಂದ ಅಂಗಳಕ್ಕೆ ಇಳಿದಿಲ್ಲ. ಅವಳ ಜೀವದ ಗೆಳತಿ ಜೋಯ್ಸ್, ಸುರಿನಾಮ್‌ನಿಂದ ಬಂದ ಕಪ್ಪು ದಂಪತಿಯ ಮಗಳು, ಯಾಕೆಂದು ಕೇಳಿದ್ದಾಳೆ. ವಿದ್ಯಾ ನನ್ನ ಮಾತನ್ನು ತನಗೆ ತಿಳಿದ ಹಾಗೆ ಡಚ್‌ಗೆ ತರ್ಜುಮೆ ಮಾಡಿದ್ದಾಳೆ: ಬಿಸಿಲಲ್ಲಿ ಆಡಿದರೆ ನಿನ್ನ ಹಾಗೆ ಕಪ್ಪಾಗ್ತೀನಂತೆ, ಅಮ್ಮ ಹೇಳಿದಳು.

“ಜೋಯ್ಸ್ ನನ್ನ ಹತ್ರ ಬಂದು, ‘ಯುಫ್, ನಾನು ತುಂಬಾ ಹೊತ್ತು ಬಿಸಿಲಲ್ಲಿ ಇದ್ದುಬಿಟ್ಟೆನಾ?’ ಅಂತ ಕೇಳಿದ್ಲು,” ಎಂದರು ಹೆನ್ನಿ. “ಈಗ ಅವಳೂ ಒಳಗೇ ಕೂರ್ತಿದಾಳೆ.”

ನಮ್ಮ ಕಡೆ ಎಲ್ಲ ತಾಯಂದಿರೂ ಹೇಳುವ ಮಾತಿದು, ಕೆಟ್ಟ ಅರ್ಥವಿಲ್ಲ ಎಂದು ತಡವರಿಸಿದೆ. ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ಎದ್ದು ಹೋಗಿ ಡಬ್ಬಿಯಿಂದ ಒಂದು ಪೆನ್ಸಿಲು ತಂದರು. ಅದೇ ಗುಲಾಬಿ ಪೆನ್ಸಿಲು.

“ಇಪ್ಪತ್ತೆರಡು ವರ್ಷದಿಂದ ಇದನ್ನ ಮಕ್ಕಳ ಕೈಗೆ ಕೊಟ್ಟು ‘ಮೈಬಣ್ಣ’ ಅಂತಿದೀನಿ. ಯಾರ ಮೈ ಅಂತ ಒಂದು ಸಲಾನೂ ಯೋಚನೆ ಮಾಡ್ಲಿಲ್ಲ. ಮಾಡ್ಬೇಕಾಗಿ ಬರ್ಲಿಲ್ಲ, ಯಾಕಂದ್ರೆ ನಾನು ಬಿಳಿಯವಳು. ಜೋಯ್ಸ್ ಐದು ವರ್ಷಕ್ಕೇ ಯೋಚನೆ ಮಾಡ್ಬೇಕಾಯ್ತು.” ಆಮೇಲೆ ಪೆನ್ಸಿಲನ್ನು ತಮ್ಮ ಮುಂಗೈಗೆ ಹಿಡಿದು ನೋಡಿಕೊಂಡರು. ಕೈತುಂಬ ಕಂದು ಚುಕ್ಕೆ, ಕೆಂಪು ಕಲೆ. “ನನ್ನ ಬಣ್ಣಾನೂ ಅಲ್ಲ ನೋಡಿ ಇದು,” ಎಂದು ನಕ್ಕರು.

ನಗು ನಿಲ್ಲಿಸಿ ಹೇಳಿದರು: “ನನ್ನ ಮಾತನ್ನ ನಾಳೆ ನಾನು ವಾಪಸ್ ತಗೋತೀನಿ. ನಿಮ್ಮ ಮಾತನ್ನ ನೀವೇ ತಗೋಬೇಕು. ಅದನ್ನ ನಿಮ್ಮ ಪರವಾಗಿ ನಾನು ಹೇಳಕ್ಕಾಗಲ್ಲ. ಖೆವೋನ್ ಹೇಳಿ.”

ಮಾರನೆಯ ದಿನ ಮಕ್ಕಳು ವೃತ್ತವಾಗಿ ಕೂತಿದ್ದರು. ಹೆನ್ನಿ ಆ ಪೆನ್ಸಿಲನ್ನು ಎತ್ತಿ ಹಿಡಿದು, ಇದರ ಹೆಸರನ್ನು ತಾನು ತಪ್ಪು ಹೇಳಿಕೊಟ್ಟಿದ್ದೆ, ಇದು ಬರೀ ತಿಳಿಗುಲಾಬಿ ಎಂದರು. ಒಬ್ಬ ಹುಡುಗ ಇದು ಹಂದಿಮರಿ ಬಣ್ಣ ಎಂದ. ಅವನ ಬಣ್ಣವೂ ಹೆಚ್ಚುಕಡಿಮೆ ಅದೇ. ಎಲ್ಲರೂ ನಕ್ಕರು, ಅವನೂ ನಕ್ಕ.

ಆಮೇಲೆ ನನ್ನ ಸರದಿ. ರಾತ್ರಿಯೆಲ್ಲ ಗಂಡನ ತಲೆ ತಿಂದು ಉರುಹೊಡೆದ ಡಚ್ ವಾಕ್ಯ ಅರ್ಧಕ್ಕೇ ಮರೆತುಹೋಯಿತು. ಜೋಯ್ಸ್ ಎದುರು ಕೂತು, ತಪ್ಪು ನನ್ನದು, ಕಪ್ಪು ಚೆಂದದ ಬಣ್ಣ, ನಾನು ದಡ್ಡತನದ ಮಾತಾಡಿದೆ ಎಂದು ಇದ್ದಷ್ಟು ಡಚ್‌ನಲ್ಲಿ ಹೇಳಿದೆ. ವಿದ್ಯಾ ನನ್ನನ್ನೇ ನೋಡುತ್ತಿದ್ದಳು. ಅಮ್ಮ ತಪ್ಪು ಒಪ್ಪಿಕೊಂಡದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಜೋಯ್ಸ್ ಕೇಳಿದಳು: “ಹಾಗಾದ್ರೆ ವಿದ್ಯಾ ಆಚೆ ಬರ್ಬೋದಾ?”

ಆ ಪೆನ್ಸಿಲಿನ ನಂತರ ಹೆನ್ನಿಯವರಿಗೆ ಎಲ್ಲ ಕಡೆಯೂ ಕಣ್ಣು ತೆರೆಯಿತು. ಬುಧವಾರ ಮಧ್ಯಾಹ್ನ ಶಾಲೆ ಇರುವುದಿಲ್ಲ, ಸಂತೆಯಲ್ಲಿ ಸಿಗುತ್ತಿದ್ದರು. ಒಮ್ಮೆ ಚೀಸ್ ಅಂಗಡಿಯವನು ನನ್ನನ್ನು ದಾಟಿ ಹಿಂದಿದ್ದ ಅವರನ್ನು ‘ಏನು ಬೇಕು’ ಎಂದ. ನನಗೆ ಅದು ರೂಢಿಯಾಗಿತ್ತು. ಹೆನ್ನಿ, “ಇವರು ನನಗಿಂತ ಮುಂಚೆ ಬಂದಿದಾರೆ,” ಎಂದು ಸಂತೆಗೆಲ್ಲ ಕೇಳುವಂತೆ ಹೇಳಿದರು. ನನಗೆ ನಾಚಿಕೆಯಾಗಿ ಬೇಡದಿದ್ದರೂ ಅರ್ಧ ಕಿಲೋ ಚೀಸ್ ಕೊಂಡೆ. ವಾಪಸ್ ಬರುವಾಗ ಅವರು ಸೈಕಲ್ ತಳ್ಳುತ್ತಾ, “ಇಷ್ಟು ವರ್ಷ ನನಗೆ ಬೇಗ ಸಿಕ್ಕಿದ್ದೆಲ್ಲ ಯಾರ ಸರದೀದು ಅಂತ ನೋಡೇ ಇರ್ಲಿಲ್ಲ,” ಎಂದರು. ಅವರ ದನಿಯಲ್ಲಿ ಅಳುವೂ ಇರಲಿಲ್ಲ, ದೊಡ್ಡಸ್ತಿಕೆಯೂ ಇರಲಿಲ್ಲ. ಆ ಗುಣಕ್ಕೇ ನನಗೆ ಅವರ ಮೇಲೆ ಅಷ್ಟು ಪ್ರೀತಿ.

ತೊಂಬತ್ತೊಂಬತ್ತರಲ್ಲಿ ಹೊರಡುವ ಮುನ್ನ ಹೇಳಿಹೋಗಲು ಶಾಲೆಗೆ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಊರಲ್ಲಿ ಯಾರಾದ್ರೂ ವಿದ್ಯಾಗೆ ಆ ಮಾತು ಹೇಳಿದ್ರೆ?”

“ಹೇಳೇ ಹೇಳ್ತಾರೆ. ಅತ್ತೆ ಎದುರು ನಂಗೆ ಬಾಯೇ ಬರಲ್ಲ,” ಎಂದೆ.

“ನನಗೂ ಸ್ಟಾಫ್ ರೂಮಲ್ಲಿ ಇಂಥ ಮಾತು ಕೇಳಿದಾಗ ಬಾಯಿ ಬರ್ತಿರ್ಲಿಲ್ಲ,” ಎಂದು ನನ್ನ ಕೈ ಹಿಡಿದುಕೊಂಡರು.

ಮೈಸೂರಿಗೆ ಬಂದ ವಾರದಲ್ಲೇ ಅತ್ತೆ, ನೆಂಟರೆಲ್ಲ ಕೂತಿದ್ದಾಗ, “ಫಾರಿನ್ನಲ್ಲಿದ್ದೂ ಮಗು ಒಂಚೂರೂ ಬೆಳ್ಳಗಾಗ್ಲಿಲ್ವಲ್ಲೇ,” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ವಿದ್ಯಾ ನನ್ನ ಮುಖ ನೋಡಿ ಎದ್ದು ಒಳಗೆ ಹೋದಳು. ಆಮೇಲೆ ಎರಡು ದಿನ ಕರೆದರೂ ಅಂಗಳಕ್ಕೆ ಇಳಿಯಲಿಲ್ಲ. ಮೂರನೆಯ ದಿನ ಅಡುಗೆಮನೆಯಲ್ಲಿ, ಅವಳ ಎದುರಿಗೇ ಹೇಳಿದೆ: “ಅತ್ತೆ, ಬಣ್ಣದ ಮಾತು ಇವಳ ಹತ್ರ ಬೇಡ. ನಂಗೂ ಇಷ್ಟ ಆಗಲ್ಲ.” ಅತ್ತೆ ನನ್ನನ್ನು ದಿಟ್ಟಿಸಿ ನೋಡಿ ಸಾರಿಗೆ ಒಗ್ಗರಣೆ ಹಾಕಿದರು. ಒಂದು ವಾರ ಮಾತಾಡಲಿಲ್ಲ.

ಹೆನ್ನಿಯವರಿಗೆ ಎಲ್ಲವನ್ನೂ ಕಾಗದ ಬರೆದೆ. ಉತ್ತರ ಬಂದದ್ದು ಜೋಯ್ಸಳ ತಾಯಿಯಿಂದ; ಶಾಲೆಯವರು ಕಾಗದವನ್ನು ಅವರಿಗೆ ಕೊಟ್ಟಿದ್ದರು. ಕಾಗದ ತಲುಪುವ ಹದಿನೈದು ದಿನ ಮುಂಚೆ ಹೆನ್ನಿ ತೀರಿಕೊಂಡಿದ್ದರು. ಒಳಗೇ ಬೆಳೆಯುತ್ತಿದ್ದ ಕಾಯಿಲೆಯನ್ನು ಯಾರಿಗೂ ಹೇಳಿರಲಿಲ್ಲವಂತೆ. ನಾನು ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ.

ಆ ಕಾಗದದಲ್ಲಿ ನಾನೊಂದು ಸುಳ್ಳು ಬರೆದಿದ್ದೆ. ಅತ್ತೆ ಅಂದ ಕೂಡಲೇ ಅಲ್ಲೇ ಉತ್ತರ ಕೊಟ್ಟೆ ಎಂದು ಬರೆದಿದ್ದೆ, ನಕ್ಕದ್ದನ್ನು ಬರೆದಿರಲಿಲ್ಲ. ಓದಿದ್ದರೆ ಹೆನ್ನಿ ಒಂದು ಕಾರ್ಡಿನಲ್ಲಿ ಕೇಳಿಯೇ ಕೇಳುತ್ತಿದ್ದರು: ನಿಜವಾಗಿಯೂ ಕೂಡಲೇ ಹೇಳಿದಿರಾ?