ಬೀಮಿಗೆ ಹಾಕಿದ ಹಾರ

ಬಿರುಕು ಕೂದಲಿನಷ್ಟು ಸಣ್ಣದು. ಬೀಮಿನ ಕೆಳಗಿನ ಅಂಚಿನಲ್ಲಿ ಶುರುವಾಗಿ, ಓರೆಯಾಗಿ ಮೇಲಕ್ಕೆ ಹತ್ತಿ, ಅರ್ಧ ದಾರಿಯಲ್ಲಿ ಎರಡಾಗಿ ಒಡೆದಿದೆ. ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದ ಒಂದು ಅಂಕಿ. ಎಷ್ಟು ಭಾರ ಬಿದ್ದಾಗ ಆ ಬಿರುಕು ಕಾಣಿಸಿಕೊಂಡಿತು ಎಂಬುದರ ಗುರುತು. ಆ ಅಂಕಿಯ ಮೇಲೆ ಒಂದು ಚೆಂಡುಹೂವು ಜೋತುಬಿದ್ದಿತ್ತು.

ಕಾಂಕ್ರೀಟ್ ಬೀಮಿಗೆ ಹಾರ ಹಾಕಿದ್ದನ್ನು ನೀವು ನೋಡಿದ್ದೀರಾ? ಅದೂ ಮುರಿದ ಬೀಮಿಗೆ? ಕಳೆದ ಶುಕ್ರವಾರ ನಾನು ನೋಡಿದೆ.

ನಾನು ಪಾಠ ಮಾಡುವುದು ಸ್ಟ್ರಕ್ಚರಲ್ ಎಂಜಿನಿಯರಿಂಗ್ ವಿಭಾಗದಲ್ಲಿ. (ಈ ಅಂಕಣದಲ್ಲಿ ನನ್ನ ಕೆಲಸದ ವಿಷಯ ಬರೆದದ್ದು ಕಡಿಮೆ. ಕಾಂಕ್ರೀಟಿನ ಬಗ್ಗೆ ಯಾರು ಓದುತ್ತಾರೆ ಎಂಬ ಅಳುಕು. ಈ ವಾರ ಕ್ಷಮಿಸಿ.) ಬೇರೆಯವರು ಕಟ್ಟುವುದು ನಿಲ್ಲಲಿ ಎಂದು. ನಾವು ಕಟ್ಟುವುದು ಮುರಿಯಲಿ ಎಂದು. ಬೀಮ್ ಎರಕ ಹೊಯ್ದು, ವಾರಗಟ್ಟಲೆ ಒದ್ದೆ ಗೋಣಿ ಹೊದಿಸಿ, ಮಗುವಿನಂತೆ ನೋಡಿಕೊಂಡು, ಕೊನೆಗೆ ಮೆಷಿನ್ನಿಗೆ ಏರಿಸಿ ಮುರಿಯುತ್ತೇವೆ. ಎಲ್ಲಿ ಮುರಿಯಿತು, ಹೇಗೆ ಮುರಿಯಿತು ಎಂದು ಬರೆದಿಟ್ಟುಕೊಳ್ಳುತ್ತೇವೆ. ಅದೇ ಸಂಶೋಧನೆ.

ಸಂಜೆ ಮನೆಗೆ ಹೋದರೆ ಅಮ್ಮ ಕೇಳುತ್ತಾರೆ, "ಇವತ್ತು ಏನ್ ಮಾಡಿದ್ರಿ?"

"ಒಂದು ಬೀಮ್ ಮುರಿದ್ವಿ."

"ಮೊನ್ನೇನೂ ಅದೇ ಅಂದೆ."

ಮುರಿದ ಬೀಮುಗಳು ಆಮೇಲೆ ಲ್ಯಾಬಿನ ಹಿಂದಿನ ಹೊಂಗೆ ಮರದ ಕೆಳಗೆ ಹೋಗುತ್ತವೆ. ಹುಡುಗಿಯರು ಅವುಗಳ ಮೇಲೆ ಕುಳಿತು ಡಬ್ಬಿ ಊಟ ಮಾಡುತ್ತಾರೆ. ಯಾರ ಯಾರದೋ ಡಾಕ್ಟರೇಟಿನ ಮೇಲೆ ಪುಳಿಯೋಗರೆ ಚೆಲ್ಲಿರುತ್ತದೆ.

ಈ ಸಲ ಮಾತ್ರ ಒಂದು ಬೀಮ್ ಮರದ ಕೆಳಗೆ ಹೋಗಲಿಲ್ಲ. ಅದಕ್ಕೆ ಕಾರಣ ವಿಭಾಗದ 'ಸಾಧನಾ ದಿನ'. ವಿದ್ಯಾರ್ಥಿಗಳು, ಸಂಶೋಧಕರು ವರ್ಷದಲ್ಲಿ ಏನು ಮಾಡಿದರು ಎಂದು ತಂದೆತಾಯಂದಿರಿಗೆ ತೋರಿಸುವ ಕಾರ್ಯಕ್ರಮ. ಗೋಡೆಯ ಮೇಲೆ ಥರ್ಮೊಕೋಲ್ ಅಕ್ಷರ, ಮೇಜಿನ ಮೇಲೆ ಮಾದರಿಗಳು, ಮೂಲೆಯಲ್ಲಿ ಬಾದಾಮಿ ಹಾಲು. ಲ್ಯಾಬಿನ ನಟ್ಟನಡುವೆ, ಎರಡು ಮರದ ದಿಮ್ಮಿಗಳ ಮೇಲೆ, ರುದ್ರೇಶ್ ಅವರ ಬೀಮ್.

ರುದ್ರೇಶ್ ನಮ್ಮಲ್ಲಿ ಪಿಎಚ್.ಡಿ. ಮಾಡುತ್ತಿರುವವರು. ನಮ್ಮಿಬ್ಬರದೂ ಒಂದೇ ಕೋಣೆ, ಎದುರುಬದುರು ಮೇಜು. ಅವರ ವಿಚಾರ ಸರಳ. ಬೀಮಿನ ಒಳಗೆ ಉದ್ದನೆಯ ಕಬ್ಬಿಣದ ಸರಳುಗಳಿರುತ್ತವೆ. ಅವುಗಳನ್ನು ಸುತ್ತಿ ಹಿಡಿಯಲು ತೆಳ್ಳನೆಯ ಕಂಬಿಯ ರಿಂಗುಗಳಿರುತ್ತವೆ, ಬಳೆ ಜೋಡಿಸಿಟ್ಟ ಹಾಗೆ, ನೆಟ್ಟಗೆ, ಒತ್ತೊತ್ತಾಗಿ. ಆದರೆ ಬಿರುಕು ಬರುವುದು ಓರೆಯಾಗಿ. ಹಾಗಿದ್ದರೆ ರಿಂಗನ್ನೂ ಅದಕ್ಕೆ ಅಡ್ಡಲಾಗಿ ಓರೆ ಕಟ್ಟಿದರೆ? ಕಡಿಮೆ ರಿಂಗು ಸಾಲುವುದಿಲ್ಲವೇ? ಅದಕ್ಕಾಗಿ ಕೆಲವು ಬೀಮುಗಳನ್ನು ಮಾಮೂಲಿನಂತೆ, ಕೆಲವನ್ನು ತಮ್ಮ ರೀತಿಯಲ್ಲಿ ಮಾಡಿದರು. ಹೊರಗಿನಿಂದ ನೋಡಿದರೆ ಎಲ್ಲವೂ ಅವಳಿ ಜವಳಿ.

ಮೊದಲು ಪರೀಕ್ಷೆಗೆ ಹೋದದ್ದು ಓರೆ ರಿಂಗಿನ ಬೀಮ್. ಲೆಕ್ಕ ಹೇಳಿದ ಭಾರ ದಾಟಿತು. ಮುರಿಯಲಿಲ್ಲ. ಇನ್ನೂ ಏರಿಸಿದರು. ಮುರಿಯಲಿಲ್ಲ. ಕೊನೆಗೆ ದೊಡ್ಡ ಸದ್ದಿನೊಂದಿಗೆ ಬಿರಿದಾಗ ನಮ್ಮ ಮುಖ್ಯಸ್ಥರು ತಮ್ಮ ಕೋಣೆಯಿಂದ ಓಡಿ ಬಂದರು. ಅಂಕಿ ನೋಡಿದರು. ರುದ್ರೇಶ್ ಬೆನ್ನು ತಟ್ಟಿದರು.

"ಇದನ್ನ ಮರದ ಕೆಳಗೆ ಹಾಕ್ಬೇಡ್ರಯ್ಯ. ಸಾಧನಾ ದಿನಕ್ಕೆ ಇರ್ಲಿ."

ಮಾಮೂಲಿನ ಪ್ರಕಾರ ಮುರಿದ ಬೀಮನ್ನು ಉಳಿಯಿಂದ ಒಡೆದು, ಒಳಗಿನ ಕಂಬಿ ನೋಡಬೇಕು. ಅದು ನಮ್ಮ ಪದ್ಧತಿ. ಪ್ರದರ್ಶನಕ್ಕೆ ಇಡಬೇಕಾದ್ದರಿಂದ ಅಷ್ಟನ್ನು ಬಿಟ್ಟೆವು. ಯಾರಿಗೂ ಅದು ತಪ್ಪೆನಿಸಲಿಲ್ಲ. ನನಗೂ ಅನಿಸಲಿಲ್ಲ.

ಶುಕ್ರವಾರ ರುದ್ರೇಶ್ ಅವರ ತಂದೆ ಮಹದೇವಪ್ಪನವರು ಬಂದರು. ಲಷ್ಕರ್ ಮೊಹಲ್ಲಾದಲ್ಲಿ ಅವರದು ಸಿಮೆಂಟು, ಕಬ್ಬಿಣದ ಅಂಗಡಿ. ಹಣೆ ತುಂಬ ವಿಭೂತಿ, ಇಸ್ತ್ರಿಯ ಬಿಳಿ ಅಂಗಿ, ಕೈಯಲ್ಲಿ ಬಾಳೆಎಲೆಯ ಪೊಟ್ಟಣ. ಪೊಟ್ಟಣದಲ್ಲಿ ಹಾರ. ಮಗನಿಗೆ ತಂದಿದ್ದಾರೆ ಎಂದುಕೊಂಡೆವು. ಅವರು ನೇರವಾಗಿ ಹೋಗಿ ಬೀಮಿಗೆ ಹಾಕಿ ಕೈಮುಗಿದರು.

"ಇವ್ರಮ್ಮ ಬ್ಯಾಡ ಅಂದ್ಲು ಕಣಮ್ಮ," ಎಂದು ಪಕ್ಕದಲ್ಲಿದ್ದ ನನಗೆ ಹೇಳಿದರು. "ಮುರಿದೋಗಿರೋದಕ್ಕೆ ಯಾರಾದ್ರೂ ಹಾರ ಹಾಕ್ತಾರಾ ಅಂತ. ಮುರಿಯೋದೇ ಅವ್ನ ಓದು, ನೀನ್ ಸುಮ್ಕಿರು ಅಂದ್ಬುಟ್ಟೆ."

"ಅಪ್ಪಾಜಿ, ಎಲ್ಲಾ ನೋಡ್ತಿದಾರೆ," ಎಂದರು ರುದ್ರೇಶ್.

"ನೋಡ್ಲಿ ಅಂತಾನೇ ಅಲ್ವೇನೋ ಇಟ್ಟಿರೋದು?" ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಈ ಯುಗಾದಿಗೆ ಅಂಗಡೀಲಿ ಕೂರಿಸ್ಬುಡ್ಬೇಕು ಅಂತಿದ್ದೆ ಕಣಮ್ಮ. ಎಷ್ಟ್ ವರ್ಸ ಅಂತ ಓದೋದು? ಈಗ ಬುಡಿ. ಇಷ್ಟು ಮಾಡವ್ನೆ ಅಂದ್ಮೇಲೆ ಓದ್ಲಿ. ಅಂಗಡಿ ನಾನೇ ನೋಡ್ಕೋತೀನಿ."

ರುದ್ರೇಶ್ ನೆಲ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು. ಇಷ್ಟು ವರ್ಷ ಆ ಮನುಷ್ಯ ಕಾದದ್ದು ಅಪ್ಪನ ಈ ಒಂದು ಮಾತಿಗೆ ಎಂದು ನನಗೆ ಗೊತ್ತಿತ್ತು. ಎದುರು ಮೇಜಿನವರಿಗೆ ಇಂಥವು ಹೇಳದೆಯೂ ಗೊತ್ತಾಗುತ್ತವೆ.

ಅಷ್ಟರಲ್ಲಿ ಸೌಮ್ಯ ಬಂದಳು. ಹಿನಕಲ್‌ನ ಹುಡುಗಿ, ಫೈನಲ್ ಇಯರ್. ಹಳೇ ಪೇಪರನ್ನು ಕೊಳವೆ ಮಾಡಿ ಅಂಟಿಸಿ ಸೇತುವೆ ಕಟ್ಟಿ, ಅಂತರ ಕಾಲೇಜು ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದವಳು. (ಆ ಸೇತುವೆಯೂ ಮುರಿದಿದೆ. ಅದರ ಅವಶೇಷ ಗಾಜಿನ ಪೆಟ್ಟಿಗೆಯಲ್ಲಿದೆ.) ಅವಳಿಗೆ ಮಹದೇವಪ್ಪನವರನ್ನು ಕಂಡು ಉತ್ಸಾಹ ಉಕ್ಕಿತು.

"ಅಂಕಲ್, ಇದಕ್ಕೆ ಸುಣ್ಣ ಹೊಡೆದಿದ್ದು ನಾವೇ. ಬಿರುಕು ಚೆನ್ನಾಗಿ ಕಾಣ್ಲಿ ಅಂತ ಟೆಸ್ಟಿಗೆ ಮುಂಚೆ ಸುಣ್ಣ ಹೊಡೀತೀವಿ. ರುದ್ರೇಶ್ ಸರ್ ಅಕ್ಕನ ಮದುವೆಗೆ ಅಂತ ರಜಾ ಹಾಕಿದ್ರಲ್ಲ, ಆಗ ನಮ್ಮ ಬ್ಯಾಚ್ ಎಲ್ಲಾ ಸೇರ್ಕೊಂಡು ಅಷ್ಟೂ ಬೀಮ್ ಮುಗಿಸ್ಬಿಟ್ವಿ. ಸರ್‌ಗೆ ಸರ್‌ಪ್ರೈಸು."

"ಭೇಷ್ ಕಣಮ್ಮ."

"ಸುಣ್ಣ ಹಿಡೀಲಿ ಅಂತ ತಂತಿ ಬ್ರಷ್ಷಲ್ಲಿ ಹೆಂಗ್ ಉಜ್ಜಿದ್ವಿ ಅಂದ್ರೆ, ಸರ್ ಬಳಪದಲ್ಲಿ ಬರೆದಿದ್ದ ಬೀಮ್ ನಂಬರೆಲ್ಲ ಹೊರಟೋಯ್ತು. ಆಮೇಲೆ ನೆನಪು ಮಾಡ್ಕೊಂಡು ನಾವೇ ಹಾಕಿದ್ವಿ."

ಮಹದೇವಪ್ಪನವರು ನಕ್ಕರು. ಸೌಮ್ಯ ನಕ್ಕಳು. ರುದ್ರೇಶ್ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಬೀಮನ್ನು ನೋಡಿದೆ.

ಅರ್ಥವಾಯಿತಲ್ಲ? ಹೊರಗಿನಿಂದ ಎಲ್ಲ ಬೀಮೂ ಒಂದೇ. ಯಾವುದರೊಳಗೆ ಯಾವ ರಿಂಗಿದೆ ಎಂದು ಹೇಳುತ್ತಿದ್ದುದು ನಂಬರ್ ಮಾತ್ರ. ಹಳೆಯದನ್ನು ನೋಡಿಕೊಂಡು ಬರೆದಿದ್ದಾರೆ ಎಂದುಕೊಂಡಿದ್ದೆವು. ಆ ನಂಬರನ್ನು ಹುಡುಗರು ನೆನಪಿನಿಂದ ಹಾಕಿದ್ದರು. ನೆನಪು ಸರಿಯಿದ್ದರೆ ಇದು ರುದ್ರೇಶ್ ಗೆದ್ದ ಬೀಮ್. ತಪ್ಪಿದ್ದರೆ ಇದು ಎಲ್ಲರೂ ಎಲ್ಲೆಲ್ಲೂ ಕಟ್ಟುವ ಮಾಮೂಲಿ ಬೀಮ್. ಹಾರ ಮಾಮೂಲಿಗೆ ಬಿದ್ದಿದೆ.

ಬಾದಾಮಿ ಹಾಲು ಮುಗಿದು, ಜನ ಕರಗಿದ ಮೇಲೆ ರುದ್ರೇಶ್ ಹೊಂಗೆ ಮರದ ಕೆಳಗೆ ಕುಳಿತಿದ್ದರು. ನಾನು ಹೋಗಿ ಇನ್ನೊಂದು ಮುರಿದ ಬೀಮಿನ ಮೇಲೆ ಕುಳಿತೆ.

"ಇನ್ನೂ ಬೀಮ್‌ಗಳು ಉಳಿದಿವೆಯಲ್ಲ," ಎಂದರು. "ಅವನ್ನ ಟೆಸ್ಟ್ ಮಾಡಿದ್ರೆ ಗೊತ್ತಾಗತ್ತೆ."

"ಅವುಗಳ ನಂಬರ್ ಹಾಕಿದವರೂ ಅವರೇ."

"ಹುಡುಗರು ಜಾಣರು. ಸರಿಯಾಗೇ ಹಾಕಿರ್ತಾರೆ."

"ಇರಬಹುದು."

"ನೀವು 'ಇರಬಹುದು' ಅಂದ್ರೆ 'ಇಲ್ಲ' ಅಂತ."

"ಇಲ್ಲ. ಇರಬಹುದು ಅಂದ್ರೆ ಇರಬಹುದು."

ರುದ್ರೇಶ್ ಬಿದ್ದಿದ್ದ ಒಂದು ಹೊಂಗೆ ಎಲೆ ಎತ್ತಿ ನಾಲ್ಕಾಗಿ ಮಡಚಿದರು.

"ಒಡೆದು ನೋಡೋದು ಸುಲಭ," ಎಂದರು ಕೊನೆಗೆ. "ನೆಟ್ಟಗಿರೋ ರಿಂಗ್ ಸಿಕ್ಕಿದ್ರೆ ಅಪ್ಪನಿಗೆ ಏನ್ ಹೇಳ್ಲಿ? ಹಾರ ವಾಪಸ್ ತಗೊಳಿ ಅಂತ್ಲಾ? ಮೊಹಲ್ಲಾದಲ್ಲಿ ಒಂದು ಅಂಗಡಿ ಬಿಡದೆ ಹೇಳ್ಕೊಂಡು ಬಂದಿದಾರೆ. ಯುಗಾದಿಗೆ ಸಿಮೆಂಟ್ ಮೂಟೆ ಎಣಿಸ್ತಾ ಕೂತಿರ್ತೀನಿ. ನೀವೇ ಹೇಳಿ, ಒಡೀಲಾ, ಬಿಡ್ಲಾ?"

ಏನು ಹೇಳಬೇಕಿತ್ತು ನಾನು? ಅದು ನನ್ನ ಬೀಮಲ್ಲ, ನನ್ನ ಅಪ್ಪನಲ್ಲ. ಬೇರೆಯವರ ಬದುಕಿನಲ್ಲಿ ಅಭಿಪ್ರಾಯ ಕೊಡುವುದು ನನಗೆ ಯಾವತ್ತೂ ಬಾರದ ವಿದ್ಯೆ. "ಗೊತ್ತಿಲ್ಲ," ಎಂದೆ. ಅವರು ತಲೆಯಾಡಿಸಿದರು, ಅದನ್ನೇ ನಿರೀಕ್ಷಿಸಿದ್ದವರಂತೆ.

ಮುಖ್ಯಸ್ಥರ ಕೋಣೆಗೆ ಹೋಗಿ ಸುತ್ತಿ ಬಳಸಿ ಕೇಳಿದೆ. "ಸರ್, ಆ ಬೀಮಿನ ಒಳಗಿನ ಕಂಬಿ ಇನ್ನೂ ನೋಡಿಲ್ಲವಲ್ಲ?"

"ನೋಡೋಣ ಕಣಮ್ಮ, ಅದಕ್ಕೇನು ಅವಸರ? ಇನ್‌ಸ್ಪೆಕ್ಷನ್ ಕಮಿಟಿ ಬಂದು ಹೋಗ್ಲಿ. ಒಂದ್ಸಲ ಮುರಿದಿದ್ದನ್ನ ಎಷ್ಟು ಸಲ ಮುರೀತೀರಿ?"

ಅವರದೂ ತಪ್ಪಲ್ಲ. ಅವರಿಗೆ ನಂಬರಿನ ಕಥೆ ಗೊತ್ತಿಲ್ಲ. ಹೇಳಬೇಕಾದವರು ರುದ್ರೇಶ್. ಅಥವಾ ನಾನೇ? ಬಾಗಿಲವರೆಗೆ ಬಂದು ಒಮ್ಮೆ ನಿಂತೆ. ಆಮೇಲೆ ಹೊರಗೆ ಬಂದುಬಿಟ್ಟೆ.

ಬಸ್ಸಿನಲ್ಲಿ ಕುಳಿತಾಗ ಒಂದು ಯೋಚನೆ ಬಂತು. ಪರೀಕ್ಷೆಯಲ್ಲಿ ಮಾರ್ಕ್ಸ್ ಕಡಿಮೆ ಬಂದರೆ ನಾವೆಲ್ಲ ರೀವ್ಯಾಲ್ಯುಯೇಷನ್‌ಗೆ ಓಡುತ್ತೇವೆ. ಅಂದಾಜಿಗಿಂತ ಹೆಚ್ಚು ಬಂದರೆ? ಎಲ್ಲೋ ಎಣಿಕೆ ತಪ್ಪಿದೆ, ಇನ್ನೊಮ್ಮೆ ನೋಡಿ ಎಂದು ಅರ್ಜಿ ಹಾಕಿದವರನ್ನು ನಾನು ಕಂಡಿಲ್ಲ. ರುದ್ರೇಶ್ ಅವರ ಬೀಮ್ ಲೆಕ್ಕಕ್ಕಿಂತ ಬೇಗ ಮುರಿದಿದ್ದರೆ ಅದೇ ಸಂಜೆ ಇಡೀ ವಿಭಾಗ ಉಳಿ ಹಿಡಿದು ಕೂರುತ್ತಿತ್ತು. ಎಲ್ಲಿ ತಪ್ಪಾಯಿತು ಎಂದು ಒಂದೊಂದು ರಿಂಗನ್ನೂ ಎಣಿಸುತ್ತಿದ್ದೆವು. ಗೆದ್ದಿತಲ್ಲ, ಸುಣ್ಣದ ಮೇಲೆ ಹೂವು ಹಾಕಿ ಸುಮ್ಮನಾದೆವು.

ವರನ ಕಡೆಯವರು ಒಪ್ಪಿದಾಗ, ಸೈಟು ಅಗ್ಗಕ್ಕೆ ಸಿಕ್ಕಾಗ, ಡಾಕ್ಟರು ಏನೂ ಇಲ್ಲ ಹೋಗಿ ಎಂದಾಗ, ಯಾರು ಉಳಿ ಹುಡುಕುತ್ತಾರೆ?

ಇದೆಲ್ಲ ಸರಿ. ಆದರೆ ಈ ಸರಿಯಾದ ಮಾತನ್ನು ಮಹದೇವಪ್ಪನವರ ಮುಖ ನೋಡಿಕೊಂಡು ಹೇಳಲು ನನ್ನಿಂದಾಗುತ್ತಿತ್ತೇ? ಬಿಟ್ಟುಬಿಟ್ಟರೆ ಯಾರಿಗೆ ನಷ್ಟ? ಕಮಿಟಿ ಬರುತ್ತದೆ, ಹೋಗುತ್ತದೆ. ಬೀಮ್ ಮರದ ಕೆಳಗೆ ಹೋಗುತ್ತದೆ. ಅದರ ಮೇಲೂ ಪುಳಿಯೋಗರೆ ಚೆಲ್ಲುತ್ತದೆ. ಒಬ್ಬ ಮಗನಿಗೆ ಓದು ಉಳಿಯುತ್ತದೆ.

ಮತ್ತೆ, ರುದ್ರೇಶ್ ಅವರ ಲೆಕ್ಕ ನಂಬಿ ಯಾರೋ ಎಲ್ಲೋ ಮನೆಯ ಬೀಮಿಗೆ ರಿಂಗು ಕಡಿಮೆ ಮಾಡುತ್ತಾರೆ.

ಅಲ್ಲಿಗೆ ಬಂದು ನನ್ನ ಯೋಚನೆ ನಿಂತುಬಿಟ್ಟಿತು. ನನ್ನ ಸ್ಟಾಪೂ ದಾಟಿಹೋಗಿತ್ತು. ಒಂದು ಸ್ಟಾಪು ಹಿಂದಕ್ಕೆ ನಡೆದೆ.

"ಇವತ್ತೇನ್ ಮುರಿದ್ರಿ?" ಎಂದರು ಅಮ್ಮ.

"ಏನೂ ಇಲ್ಲ," ಎಂದೆ. ಅವರಿಗೆ ಆಶ್ಚರ್ಯವಾಯಿತು.

ಮರುದಿನ ಬೆಳಿಗ್ಗೆ ಕ್ಲಾಸಿಗೆ ಬಹಳ ಮುಂಚೆ ಲ್ಯಾಬಿಗೆ ಹೋದೆ. ಯಾಕೆ ಹೋದೆ ಎಂದು ಆಗಲೂ ಸ್ಪಷ್ಟವಿರಲಿಲ್ಲ. ಬೀಮಿನ ಹಾರ ತೆಗೆದು ಕಿಟಕಿಯ ಸರಳಿಗೆ ಸಿಕ್ಕಿಸಿದೆ. ಬೀರುವಿನಿಂದ ಉಳಿ ತಂದೆ. ಸುತ್ತಿಗೆ ಸಿಗಲಿಲ್ಲ. ಅದು ಬೇಕಾದಾಗ ಎಂದೂ ಸಿಗುವುದಿಲ್ಲ.

ಹುಡುಕುತ್ತಿರುವಾಗಲೇ ರುದ್ರೇಶ್ ಬಂದರು. ನಿದ್ದೆಗೆಟ್ಟ ಮುಖ. ಕೈಯಲ್ಲಿ ಹೊಸ ಸುತ್ತಿಗೆ, ಹಿಡಿಯ ಮೇಲೆ ಅಂಗಡಿಯ ಬೆಲೆ ಚೀಟಿ ಹಾಗೇ ಇತ್ತು.

"ಅಪ್ಪನಿಗೆ ಎಲ್ಲಾ ಹೇಳ್ದೆ," ಎಂದರು.

"ಏನಂದ್ರು?"

"ಏನೂ ಅನ್ಲಿಲ್ಲ. ತಿಂಡಿ ತಿಂದು ಎದ್ರು. ನಾನು ಹೊರಡೋವಾಗ ಅಂಗಡಿ ಬಾಗಿಲು ತೆಗೆದು ಇದನ್ನ ತೆಕ್ಕೊಟ್ರು. 'ನೋಡ್ಬುಡು' ಅಂದ್ರು, ಅಷ್ಟೇ." ಸುತ್ತಿಗೆಯನ್ನು ತಿರುಗಿಸಿ ನೋಡಿದರು. "ಕೋಪಕ್ಕೆ ಕೊಟ್ರೋ, ಪ್ರೀತಿಗೆ ಕೊಟ್ರೋ, ಗೊತ್ತಾಗ್ಲಿಲ್ಲ ಕಣ್ರೀ."

ನನಗೂ ಗೊತ್ತಾಗಲಿಲ್ಲ. ದುಪಟ್ಟಾವನ್ನು ಮೂಗಿಗೆ ಬಿಗಿದು ಕಟ್ಟಿಕೊಂಡು, ಬೀಮಿನ ಅಂಚಿನ ಮೇಲೆ ಉಳಿ ಇಟ್ಟು, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.

"ಹೊಡೀರಿ," ಎಂದೆ.