ಹ್ರುಸ್ಕಾ ಕಾದ ಶನಿವಾರ

ವೆಂಡೆಲ್ ಹ್ರುಸ್ಕಾ ಇಪ್ಪತ್ತೆರಡು ವರ್ಷ ಆಲ್ಡನ್ ಫೋರ್ಕ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಮುಂಚೂಣಿ ಸಾಲಿನ ಹುಡುಗರನ್ನು ತಯಾರು ಮಾಡಿದವನು. ಚೆಂಡು ಎಸೆಯುವವನಿಗೆ ಹೆಸರು, ಹಿಡಿದು ಓಡುವವನಿಗೆ ಚಪ್ಪಾಳೆ. ಅವರ ಮುಂದೆ ಗೋಡೆಯಾಗಿ ನಿಂತು ಹೆಲ್ಮೆಟ್ಟಿಗೆ ಹೆಲ್ಮೆಟ್ ಕೊಟ್ಟು ತಳ್ಳುವ ಐವರನ್ನು ಕೇಳುವವರಿಲ್ಲ. ಹ್ರುಸ್ಕಾನಿಗೆ ಬೇಕಿದ್ದುದು ಆ ಐವರೇ.

ಅವನನ್ನು ಕೆಲಸದಿಂದ ತೆಗೆದದ್ದು ರೇಡಿಯೋದಲ್ಲಿ. ಹೆಂಡತಿ ಡಾರ್ಲೀನಳ ಆಪರೇಷನ್ನಿಗೆಂದು ಅವನು ಒಮಾಹಾದ ಆಸ್ಪತ್ರೆಯಲ್ಲಿ ನಾಲ್ಕು ದಿನ ಕೂತಿದ್ದ. ಆ ವಾರ ತಂಡ ಸೋತಿತು. ಮುಖ್ಯ ಕೋಚ್ ಗ್ಯಾರಿ ಸ್ಟ್ಯಾನ್‌ಹೋಪ್ ಸೋಮವಾರದ ಕಾರ್ಯಕ್ರಮದಲ್ಲಿ, "ಸಾಲಿನ ಕೋಚೇ ನಿದ್ದೆ ಹೊಡೀತಿದ್ರೆ ಹುಡುಗ್ರು ಏನ್ ಮಾಡ್ತಾರೆ? ಮುಂದಿನ್ ವರ್ಷ ಬೇರೆಯವ್ರು ಬರ್ತಾರೆ" ಎಂದ. ಊರಿಗೆ ಮರಳುತ್ತಾ ಹ್ರುಸ್ಕಾ ಪಿಕಪ್ಪಿನಲ್ಲಿ ಅದನ್ನು ಕೇಳಿಸಿಕೊಂಡ. ದಿಂಬು ಅವಚಿಕೊಂಡು ಪಕ್ಕದಲ್ಲಿ ಕೂತಿದ್ದ ಡಾರ್ಲೀನ್ ಕೈ ಚಾಚಿ ರೇಡಿಯೋ ಆರಿಸಿದಳು.

ಮಾರ್ಚಿನಲ್ಲಿ ಅವನು ನಲವತ್ತು ಮೈಲಿ ಆಚೆಯ ಸೇಂಟ್ ಬರ್ಟ್ರಂಡ್ ಕಾಲೇಜು ಸೇರಿದ. ಹಿಂದಿನ ವರ್ಷ ಹತ್ತಕ್ಕೆ ಹತ್ತೂ ಸೋತ ತಂಡ. ಇಲ್ಲಿ ಅವನದು ತದ್ವಿರುದ್ಧ ಕೆಲಸ: ಎದುರಾಳಿಯ ಗೋಡೆ ಒಡೆದು, ಚೆಂಡು ಎಸೆಯುವವನನ್ನು ನೆಲಕ್ಕೆ ಕೆಡಹುವ ಹುಡುಗರನ್ನು ಪಳಗಿಸುವುದು. ವೇಳಾಪಟ್ಟಿ ಕೈಗೆ ಬಂದಾಗ ಅವನು ನೋಡಿದ್ದು ಒಂದೇ ದಿನ: ನವೆಂಬರಿನ ಎರಡನೇ ಶನಿವಾರ, ಆಲ್ಡನ್ ಫೋರ್ಕ್ ವಿರುದ್ಧ, ಅವರದೇ ಮೈದಾನದಲ್ಲಿ.

ಸೆಪ್ಟೆಂಬರ್ ಪೂರ್ತಿ ಸೋಲು. ಇಲ್ಲಿನ ಮುಖ್ಯ ಕೋಚ್ ಲೂಕ್ ಏಮ್ಸ್, ಮೂವತ್ತನಾಲ್ಕರ ಯುವಕ, ಒಂದು ದಿನ ಅವನನ್ನು ಹಿಡಿದು ನಿಲ್ಲಿಸಿದ.

"ವೆಂಡೆಲ್, ನಮಗೆ ಹತ್ತು ಪಂದ್ಯ ಇದೆ. ನೀವು ಒಂದಕ್ಕೇ ತಯಾರಿ ಮಾಡ್ತಿದೀರಿ."

"ಆ ಒಂದನ್ನ ಗೆದ್ದು ಕೊಡ್ತೀನಿ. ಆಮೇಲೆ ಬೇಕಾದ್ರೆ ನೀವೂ ರೇಡಿಯೋದಲ್ಲಿ ನನ್ನ ತೆಗೆದುಹಾಕಿ."

ಏಮ್ಸ್ ನಕ್ಕ. ಹ್ರುಸ್ಕಾ ನಗಲಿಲ್ಲ. ಅಕ್ಟೋಬರಿನಲ್ಲಿ ತಂಡ ಎರಡು ಪಂದ್ಯ ಗೆದ್ದಾಗಲೂ ಅವನ ಮುಖ ಸಡಿಲವಾಗಲಿಲ್ಲ.

ಆಲ್ಡನ್ ಫೋರ್ಕ್ ಸಾಲಿನ ಎಡತುದಿಯಲ್ಲಿ ನಿಲ್ಲುತ್ತಿದ್ದವನು ರಾಯ್ಸ್ ಟಪ್ಪರ್. ಮೂರು ವರ್ಷ ಹ್ರುಸ್ಕಾನ ಕೈಯಲ್ಲೇ ಬೆಳೆದವನು, ಕ್ರಿಸ್ಮಸ್ಸಿಗೆ ಮನೆಗೆ ಬಂದು ಡಾರ್ಲೀನಳ ಗಸಗಸೆ ಬನ್ನುಗಳನ್ನು ತಟ್ಟೆಗಟ್ಟಲೆ ತಿನ್ನುತ್ತಿದ್ದವನು. ಆಟ ಶುರುವಾಗುವ ಮುನ್ನ ಸಾಲಿನವರು ಒಂದು ಕೈ ನೆಲಕ್ಕೂರಿ ಬಗ್ಗಿ ಕಾಯುವಾಗ ಅವನಿಗೊಂದು ಅಭ್ಯಾಸವಿತ್ತು. ತಂಡದ್ದು ಚೆಂಡು ಹಿಡಿದು ಓಡುವ ಉಪಾಯವಾದರೆ ಅವನ ಭಾರವೆಲ್ಲ ನೆಲಕ್ಕೂರಿದ ಕೈ ಮೇಲೆ ಬಿದ್ದು ಬೆರಳಗೆಣ್ಣು ಬೆಳ್ಳಗಾಗುತ್ತಿತ್ತು. ಎಸೆಯುವ ಉಪಾಯವಾದರೆ ಕೈ ಹಗುರ. ಹ್ರುಸ್ಕಾ ಅದನ್ನು ಕಂಡುಹಿಡಿದದ್ದು ಅಲ್ಲಿನ ತನ್ನ ಕೊನೆಯ ವಾರಗಳಲ್ಲಿ. ತಿದ್ದಬೇಕೆಂದು ಕಾಗದದಲ್ಲಿ ಬರೆದು ಸ್ಟ್ಯಾನ್‌ಹೋಪನ ಮೇಜಿನ ಮೇಲಿಟ್ಟು ಬಂದಿದ್ದ. ಹೊಸ ಋತುವಿನ ವಿಡಿಯೋ ನೋಡಿದಾಗ ಗೊತ್ತಾಯಿತು, ಪುಣ್ಯಾತ್ಮ ಓದಿಯೇ ಇಲ್ಲ.

"ರಾಯ್ಸ್ ನಿನಗೇನ್ ಮಾಡಿದಾನೆ?" ಎಂದಳು ಡಾರ್ಲೀನ್.

"ನನಗೆ ಬೇಕಾಗಿರೋದು ಅವನಲ್ಲ, ಸ್ಟ್ಯಾನ್‌ಹೋಪ್."

"ಏಟು ತಿನ್ನೋನು ಮಾತ್ರ ರಾಯ್ಸ್, ಅಲ್ವಾ?"

ಹ್ರುಸ್ಕಾ ವಿಡಿಯೋವನ್ನು ಮತ್ತೆ ಹಿಂದಕ್ಕೆ ಓಡಿಸಿದ.

ಆ ಶನಿವಾರ ಚಳಿಗಾಳಿ ಬೀಸುತ್ತಿತ್ತು. ಹ್ರುಸ್ಕಾ ಮೈದಾನಕ್ಕೆ ಕಾಲಿಟ್ಟದ್ದೇ ತಡ, ಪ್ರೇಕ್ಷಕರಲ್ಲಿ ಯಾರೋ, "ಏಯ್ ಹ್ರುಸ್ಕಾ, ನಿದ್ದೆ ಆಯ್ತಾ?" ಎಂದು ಕೂಗಿದರು. ಒಬ್ಬ ದಿಂಬು ಎಸೆದ. ಅವನು ಅದನ್ನು ಎತ್ತಿ ಬೆಂಚಿನ ಮೇಲಿಟ್ಟು ಅದರ ಮೇಲೆಯೇ ಕೂತ.

ರಾಯ್ಸನ ಕೈ ಹಗುರವಾದಾಗಲೆಲ್ಲ ಹ್ರುಸ್ಕಾ ಟೋಪಿ ತೆಗೆಯುತ್ತಿದ್ದ. ಆ ಸನ್ನೆಗೆ ಅವನ ಹುಡುಗರು ರಾಯ್ಸ್ ನಿಂತ ಕಡೆಯಿಂದ ನುಗ್ಗುತ್ತಿದ್ದರು. ಚೆಂಡು ಎಸೆಯುವವನು ಆರು ಸಲ ಮಣ್ಣು ಮುಕ್ಕಿದ. ಸ್ಟ್ಯಾನ್‌ಹೋಪ್ ರಾಯ್ಸನನ್ನು ಹೊರಗೆಳೆದು, ಎಲ್ಲರೆದುರು ಅವನ ಹೆಲ್ಮೆಟ್ಟಿಗೆ ಬೆರಳು ಕುಟ್ಟಿ, "ನಿದ್ದೆ ಮಾಡ್ತಿದೀಯಾ?" ಎಂದು ಅರಚಿದ. ಆದರೂ ರಾಯ್ಸ್ ಮರಳಿ ಬಂದಾಗ ಹ್ರುಸ್ಕಾ ಟೋಪಿ ತೆಗೆಯುವುದನ್ನು ಬಿಡಲಿಲ್ಲ.

ಇಪ್ಪತ್ತನಾಲ್ಕಕ್ಕೆ ಮೂರು, ಗೆಲುವು ಸೇಂಟ್ ಬರ್ಟ್ರಂಡಿಗೆ. ಕೈ ಕುಲುಕಲು ಸ್ಟ್ಯಾನ್‌ಹೋಪ್ ಮೈದಾನದ ಮಧ್ಯಕ್ಕೆ ಬಂದ. ಹ್ರುಸ್ಕಾ ಜೇಬಿನಿಂದ ಕೈ ತೆಗೆಯಲಿಲ್ಲ.

"ವೆಂಡೆಲ್, ಡಾರ್ಲೀನ್ ಆಸ್ಪತ್ರೇಲಿದ್ದದ್ದು ಆವತ್ತು ನನಗೆ ಗೊತ್ತಿರ್ಲಿಲ್ಲ, ದೇವರಾಣೆ."

"ಗೊತ್ತಿತ್ತು. ಹೂವು ಕಳ್ಸಿದ್ದೆ ನೀನು."

ಸ್ಟ್ಯಾನ್‌ಹೋಪ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಬಸ್ಸಿನ ಹತ್ತಿರ ರಾಯ್ಸ್ ಕಾದಿದ್ದ. ಮುಖದಲ್ಲಿ ಮಣ್ಣು, ಕಣ್ಣು ಕೆಂಪು. "ಕೋಚ್, ನಿಮಗೆ ಹೇಗ್ ಗೊತ್ತಾಗ್ತಿತ್ತು?" ಹ್ರುಸ್ಕಾ ಕುಕ್ಕರಗಾಲಲ್ಲಿ ಕೂತು, ಬೆರಳು ನೆಲಕ್ಕೂರಿ ತೋರಿಸಿದ.

"ಒಂದು ಫೋನ್ ಮಾಡ್ಬಹುದಿತ್ತಲ್ಲ," ಎಂದ ರಾಯ್ಸ್.

"ಮಾಡ್ಬಹುದಿತ್ತು," ಎಂದ ಹ್ರುಸ್ಕಾ.

ಡಿಸೆಂಬರಿನಲ್ಲಿ ಸ್ಟ್ಯಾನ್‌ಹೋಪನನ್ನು ತೆಗೆದರು. ಆ ಸುದ್ದಿಯನ್ನು ಹ್ರುಸ್ಕಾ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ, ಡಾರ್ಲೀನ್ ಕಿತ್ತುಹಾಕಿದಳು, ಅವನು ಮತ್ತೆ ಅಂಟಿಸಿದ. ಆ ಕ್ರಿಸ್ಮಸ್ಸಿಗೆ ರಾಯ್ಸ್ ಬರಲಿಲ್ಲ. ಬನ್ನು ಒಂದು ತಟ್ಟೆ ಹಾಗೇ ಉಳಿಯಿತು.

ಫೆಬ್ರುವರಿಯಲ್ಲಿ ಸ್ಟ್ಯಾನ್‌ಹೋಪನಿಗೆ ಮಿಸೌರಿಯ ಒಂದು ಸಣ್ಣ ಕಾಲೇಜಿನಲ್ಲಿ ಕೆಲಸ ಸಿಕ್ಕಿತೆಂದು ಸುದ್ದಿ ಬಂತು. ಹ್ರುಸ್ಕಾ ಅವತ್ತೇ ಏಮ್ಸನಿಗೆ ಫೋನು ಹಚ್ಚಿ ಕೇಳಿದ: "ಮುಂದಿನ್ ವರ್ಷದ ಪಟ್ಟೀಲಿ ಒಂದು ಶನಿವಾರ ಖಾಲಿ ಇದೆಯಾ?"